ಸೂಜಿಚಿಟ್ಟೆ ಕೂತ ಕಲ್ಲು

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಬಿಳಿಗಲ್ಲಿನವರು ಆಡಿಕೊಳ್ಳುತ್ತಿದ್ದುದು ಮಾಸ್ತಪ್ಪನ ಹೆಂಡತಿ ಯಮುನಮ್ಮನನ್ನು ಕಂಡು. ಅವರ ಮನೆಯ ಹಿಂದೆಯೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಕೊಡಚಾದ್ರಿ ಸಾಲಿನಿಂದ ಇಳಿದು ಬರುವ ಹಳ್ಳವಿತ್ತು. ಕಡು ಬೇಸಿಗೆಯಲ್ಲೂ ಬತ್ತದ ಹಳ್ಳ. ಅದನ್ನು ಬಿಟ್ಟು ಆಕೆ ಎರಡು ಕೊಡ ತೆಗೆದುಕೊಂಡು ಗುಡ್ಡ ಹತ್ತಿ, ಆಚೆ ಮಗ್ಗುಲಿಗೆ ಇಳಿದು, ಅಲ್ಲಿನ ಒರತೆಯಿಂದ ನೀರು ತರುತ್ತಿದ್ದಳು. ದಿನಕ್ಕೆ ಮೂರು ಸಲ, ಎರಡು ವರ್ಷದಿಂದ.

ಕೆಳಗಿನ ಮನೆಯ ಕೆರಿಯಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ಒಂದೇ ಮಾತು ಹೇಳುವನು.

"ಎರಡು ಮಳೆಗಾಲ ತೊಳೆದೈತೆ ಯಮುನಕ್ಕ. ಗುಡ್ಡಾನೇ ತೊಳೆದು ಹೋಗೋ ಮಳೆ. ಇನ್ನೂ ಎಲ್ಲೈತೆ ನಂಜು? ನಾವೆಲ್ಲ ಅದೇ ಹಳ್ಳದ ನೀರು ಕುಡಿದು ಬದುಕಿಲ್ವಾ?"

"ಹೂಂ" ಎನ್ನುವಳು ಯಮುನಮ್ಮ, ಗುಡ್ಡ ಹತ್ತುವಳು. ಆ ಹೂಂ ಒಪ್ಪಿಗೆಯೂ ಅಲ್ಲ, ಜಗಳವೂ ಅಲ್ಲ. ಹಸು ಬಾಲ ಬೀಸಿದ ಹಾಗೆ, ಅಷ್ಟೇ. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಕಾಲಿನಲ್ಲಿ ರಕ್ತ ಕಂಡರೆ, ಓಹೋ ದಾರಿಯ ಜಿಗಣೆ, ಉಂಬಳ, ಕಚ್ಚಿದೆ ಎಂದು ಗೊತ್ತಾಗಬೇಕು. ತುರಿಕೆಯೂ ಇಲ್ಲ, ಉರಿಯೂ ಇಲ್ಲ. ಅನ್ನ ಉಪ್ಪಾಯಿತೇ ಸಪ್ಪೆಯಾಯಿತೇ ಎಂಬುದೂ ಆಕೆಗೆ ತಿಳಿಯುತ್ತಿರಲಿಲ್ಲ. ಮಾಸ್ತಪ್ಪ ಹಾಕಿದ್ದನ್ನು ಉಂಡು ಏಳುತ್ತಿದ್ದನಾದ್ದರಿಂದ ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ ಹೇಳುವಂತಿರಲಿಲ್ಲ.

ಆ ಮನೆಯ ನೀರಿಗೆ ಒಂದು ಕಟ್ಟಳೆ ಇತ್ತು. ಹಾಕಿದವಳು ಮಾಸ್ತಪ್ಪನ ತಾಯಿ ರಂಗಮ್ಮ. ಅವಳಿಗೆ ಹೇಳಿಕೊಟ್ಟವಳು ಅವಳ ಅತ್ತೆಯಂತೆ. ಮನೆ ಹಿಂದಿನ ಹಳ್ಳದಲ್ಲಿ ನೀರು ತುಂಬುವ ಜಾಗದಲ್ಲಿ ಒಂದು ಹಾಸುಗಲ್ಲಿತ್ತು. ಅದರ ಅಂಚಿನಲ್ಲಿ ಸೂಜಿಚಿಟ್ಟೆ ಬಂದು ಕೂರುತ್ತಿತ್ತು. ಗದ್ದೆಯ ಮೇಲೆ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಯ ಜಾತಿಯೇ ಇದು, ಆದರೆ ಮೈ ಪೊರಕೆಯ ಹಿಡಿಕಡ್ಡಿಯಷ್ಟು ಸಣ್ಣ. ಬಣ್ಣ ಕಪ್ಪು, ಬಾಲದ ತುದಿಯಲ್ಲಿ ಮಾತ್ರ ಒಂದು ಚುಕ್ಕೆ ನೀಲಿ. ಕೂತಾಗ ರೆಕ್ಕೆ ಹರಡುವುದಿಲ್ಲ, ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಬಯಲಿನ ಕೆರೆಗೆ ಬಾರದು, ಕೆಳಗಿನ ಊರುಗಳ ಕಲಕು ನೀರಿಗೂ ಬಾರದು. ಗುಡ್ಡದ ನೆತ್ತಿಯಿಂದ ಇಳಿಯುವ ತಣ್ಣನೆಯ ನೀರಿದ್ದಲ್ಲಿ ಮಾತ್ರ ಅದರ ವಾಸ. "ಬೇಸಿಗೇಲಿ ಸೂಜಿಚಿಟ್ಟೆ ಕೂತಿದ್ರೆ ಕುಡಿ, ಕೂತಿಲ್ದಿದ್ರೆ ಕೊಡ ಬೋರಲು ಹಾಕು" ಎನ್ನುವಳು ರಂಗಮ್ಮ. ಡಾಕ್ಟರು ನಾಡಿ ಹಿಡಿದು ಹೇಳಿದ್ದನ್ನು ಬೇಕಾದರೆ ಸುಳ್ಳೆನ್ನುವಳು, ಇದನ್ನು ಮಾತ್ರ ಸುಳ್ಳೆನ್ನಳು.

ವಯಸ್ಸಾಗಿ ಕಣ್ಣಿಗೆ ಪೊರೆ ಬಂದ ಮೇಲೂ ಅವಳು ಆ ಕಟ್ಟಳೆ ಬಿಡಲಿಲ್ಲ. ಸಂಜೆ ಕೋಲೂರಿಕೊಂಡು ಹಳ್ಳಕ್ಕೆ ಇಳಿದು, ಕಾಲು ತೊಳೆದು, "ಯಮುನಾ, ಕೂತೈತನೇ?" ಎಂದು ಕೇಳುವಳು. "ಕೂತೈತೆ ಅತ್ತೆ" ಎಂದು ಸೊಸೆ ಹೇಳಿದರೆ ಮೂರು ಬೊಗಸೆ ನೀರು ಕುಡಿಯುವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಮನೆಯಲ್ಲಿ ಸೊಸೆಯ ಕಾಲ ಬಂದದ್ದು ಹೀಗೆ, ಅತ್ತೆಯ ಕಣ್ಣಾಗಿ. ಯಮುನಮ್ಮನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ ಇತ್ತು. ಒಮ್ಮೊಮ್ಮೆ ಬೇಕೆಂದೇ ತಡ ಮಾಡಿ, "ತಡೀರಿ ಅತ್ತೆ, ಹುಡುಕ್ತಿದೀನಿ" ಎಂದು ಮುದುಕಿಯನ್ನು ಸತಾಯಿಸುವುದೂ ಇತ್ತು.

ಎರಡು ವರ್ಷದ ಹಿಂದಿನ ಮಾತು. ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುತ್ತಾರೆ ಎಂದು ಊರೂರೇ ಗಂಟುಮೂಟೆ ಕಟ್ಟುತ್ತಿದ್ದ ವರ್ಷ ಅದು. ಯಮುನಮ್ಮನ ತವರು ಮುಳುಗಡೆಗೆ ಸೇರಿತ್ತು. ಅಣ್ಣ ಭೂತಪ್ಪ ಲಾರಿ ಹತ್ತುವ ಮೊದಲು ತಂಗಿಯ ಮನೆಯಲ್ಲಿ ಒಂದು ಊಟ ಮಾಡಿ ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದ. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಇನ್ನು ಆ ಕಡೆಯವರು ಯಾವ ಕಾಲಕ್ಕೆ ಬರುತ್ತಾರೋ, ಹಳ್ಳದ ಮೀನಿನ ಸಾರು ಮಾಡಬೇಕು ಎಂದು ಯಮುನಮ್ಮ ಅಂದಳು. ಅಂದದ್ದು ಅಷ್ಟೇ.

ಬೇಸಿಗೆಯಲ್ಲಿ ಹಳ್ಳದ ಮೀನು ಹಿಡಿಯಲು ಅಲ್ಲಿನವರದೊಂದು ಕ್ರಮ ಇತ್ತು. ಕಾರೆಕಾಯಿ ಜಜ್ಜಿ ಗುಂಡಿಯ ನೀರಿಗೆ ಕಲಕುವುದು. ಮೀನು ಮತ್ತೇರಿ ಮೇಲೆ ಬರುತ್ತವೆ, ಬುಟ್ಟಿಯಲ್ಲಿ ಬಾಚಿಕೊಳ್ಳುವುದು. ಮರುದಿನಕ್ಕೆ ನೀರು ತಿಳಿ. ಕಲಕುವ ಮೊದಲು ಹಳ್ಳದ ಉದ್ದಕ್ಕೂ ಕೇಳುವಂತೆ "ಕಾರೆ ಹಾಕ್ತೀವೋ" ಎಂದು ಮೂರು ಸಲ ಕೂಗಬೇಕು. ಕೂಗದೆ ಕಲಕಿದವನ ಮನೆಯಲ್ಲಿ ಯಾರೂ ಮಜ್ಜಿಗೆ ಕೂಡ ಮುಟ್ಟುವುದಿಲ್ಲ. ಆ ವರ್ಷ ಕಾರೆಕಾಯಿ ಸಿಗಲಿಲ್ಲ. ಭತ್ತದ ಹುಳಕ್ಕೆ ಹೊಡೆಯಲು ಕೆರಿಯಪ್ಪ ಸಂತೆಯಿಂದ ತಂದ ಔಷಧಿ ಡಬ್ಬದ ತಳದಲ್ಲಿ ಸ್ವಲ್ಪ ಉಳಿದಿತ್ತು. ಮಾಸ್ತಪ್ಪ ಅದನ್ನು ಇಸಕೊಂಡು ಬಂದು, ಮನೆಯಿಂದ ಒಂದು ಕೂಗಳತೆ ಮೇಲಿನ ಗುಂಡಿಗೆ ಸುರಿದ. ಡಬ್ಬವನ್ನೂ ಅಲ್ಲೇ ತೊಳೆದ. ಕೂಗಲಿಲ್ಲ. ಕೂಗಿದರೆ ಅವ್ವ "ಕಾರೆ ಎಲ್ಲಿತ್ತೋ?" ಎಂದು ಕೇಳುತ್ತಾಳೆ, ಆ ಡಬ್ಬದ ಔಷಧಿಯ ವಾಸನೆಗೇ ಅವಳು ಉಗಿಯುತ್ತಾಳೆ ಎಂದು ಹೆದರಿದ. ಅರ್ಧ ಗಂಟೆಯ ಕೆಲಸ, ಆಮೇಲೆ ಹೋಗಿ ಹೇಳಿದರಾಯಿತು ಎಂದುಕೊಂಡ. ಮೂವತ್ತೆಂಟು ವರ್ಷದ ಗಂಡಸು ತಾಯಿಯ ಬೈಗಳಿಗೆ ಹೆದರಿ ಬಾಯಿ ಮುಚ್ಚಿಕೊಂಡ, ನೋಡಿ!

ಅದೇ ಹೊತ್ತಿಗೆ ಕೆಳಗೆ ಹಾಸುಗಲ್ಲಿನ ಹತ್ತಿರ ಯಮುನಮ್ಮ ಹರಿವೆ ಸೊಪ್ಪು ತೊಳೆಯುತ್ತಿದ್ದಳು. ರಂಗಮ್ಮ ಕೋಲೂರಿಕೊಂಡು ಬಂದಳು. ಕಾಲು ತೊಳೆದಳು.

"ಯಮುನಾ, ಕೂತೈತನೇ?"

ಯಮುನಮ್ಮ ತಲೆಯೆತ್ತಿ ನೋಡಿದಳು. ಕೂತಿತ್ತು. ಒಂದಲ್ಲ, ಎರಡು. ಬಾಲದ ನೀಲಿ ಚುಕ್ಕೆ ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೂತೈತೆ ಅತ್ತೆ. ಜೋಡಿ ಕೂತಾವೆ. ಕುಡೀರಿ."

ಮುದುಕಿ ಮೂರು ಬೊಗಸೆ ಕುಡಿದಳು. ಇವತ್ತು ನೀರು ಯಾಕೋ ಕಹಿ ಎಂದಳು. ಬಾಯಿ ಕೆಟ್ಟಿರಬೇಕು ಬಿಡಿ ಎಂದಳು ಸೊಸೆ. ದೀಪ ಹಚ್ಚುವ ಹೊತ್ತಿಗೆ ವಾಂತಿ ಶುರುವಾಗಿ ಕೈಕಾಲು ಸೆಟೆದುಕೊಂಡವು. ಕಂಬಳಿ ಕಟ್ಟಿ ಹೊತ್ತು ಹೊಸನಗರದ ಆಸ್ಪತ್ರೆ ಕಡೆಗೆ ಹೊರಟವರು ಅರ್ಧ ದಾರಿಯಲ್ಲೇ ವಾಪಸಾದರು. ಬೆಳಗ್ಗೆ ಭೂತಪ್ಪ ಊಟಕ್ಕೆಂದು ಬಂದರೆ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಬುಟ್ಟಿ ತುಂಬ ಮೀನಿತ್ತು. ಅದನ್ನು ಗುಂಡಿ ತೋಡಿ ಹುಗಿದರು.

ಹಾಸುಗಲ್ಲಿನ ಸುತ್ತ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದನ್ನು ಊರೆಲ್ಲ ನೋಡಿತು. ಮಾಸ್ತಪ್ಪ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಔಷಧಿ ಹಾಕ್ದೆ, ಕೂಗ್ಲಿಲ್ಲ" ಎಂದು ನೆರೆದವರ ಎದುರಿಗೇ ಹೇಳಿದ. ಊರು ಸ್ವಲ್ಪ ದಿನ ಅವನನ್ನು ಬೈದು, ಆಮೇಲೆ ಮುದುಕಿಗೂ ವಯಸ್ಸಾಗಿತ್ತು ಎಂದು ಸಮಾಧಾನ ಮಾಡಿಕೊಂಡಿತು.

ಯಮುನಮ್ಮ ಮಾತ್ರ ತನ್ನ ಪಾಲಿನದನ್ನು ಹೇಳಲಿಲ್ಲ. ಅತ್ತೆ ಕೇಳಿದ್ದು, ತಾನು ಕುಡೀರಿ ಎಂದದ್ದು, ಕಹಿ ಎಂದಾಗಲೂ ಬಿಡಿ ಎಂದದ್ದು, ಯಾವುದೂ ಅವಳ ಬಾಯಿಂದ ಹೊರಬೀಳಲಿಲ್ಲ. ಹೇಳಬಾರದು ಎಂದು ನಿಶ್ಚಯ ಮಾಡಿದ್ದಳೆಂದಲ್ಲ. ಹನ್ನೊಂದನೆಯ ದಿನಕ್ಕೆ ಹೇಳೋಣ ಎಂದುಕೊಂಡಳು. ಹನ್ನೊಂದು ಕಳೆಯಿತು, ತಿಂಗಳಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿ ಕೆಟ್ಟವಳಿಗೆ ಇನ್ನೊಂದು ಮಾತು ಆಡುವ ಧೈರ್ಯ ಬರಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ, ಕೂತಿತ್ತು ಅದಕ್ಕೇ ಕೂತೈತೆ ಅಂದೆ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡಷ್ಟೂ ಅದು ಯಾರದೋ ಮನೆಯ ಸುದ್ದಿಯಂತೆ ಕೇಳುತ್ತಿತ್ತು. ಅಳು ಬರಲಿಲ್ಲ. ಸಾವಿನ ದಿನವೂ ಬರಲಿಲ್ಲ. ಸೊಸೆಯ ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು ಎಂದು ಹೆಂಗಸರು ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು, ಹೋಯಿತು.

ಅದಾಗಿ ನಾಲ್ಕೈದು ದಿನಕ್ಕೆ ಸೂಜಿಚಿಟ್ಟೆಗಳು ಒಂದೊಂದಾಗಿ ಕಾಣೆಯಾದವು. ಮರು ಬೇಸಿಗೆಗೂ ಬರಲಿಲ್ಲ. ಕಟ್ಟಳೆಯೆಂದರೆ ಕಟ್ಟಳೆ, ಅವು ಕಾಣೆಯಾದ ದಿನದಿಂದಲೇ ಯಮುನಮ್ಮ ಗುಡ್ಡದಾಚೆಯ ಒರತೆಗೆ ಹೊರಟಿದ್ದಳು. ಹೆಂಡತಿ ತನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾಳೆ ಎಂದು ಮಾಸ್ತಪ್ಪ ತಿಳಿದ. ಹಾಗೇ ತಿಳಿದುಕೊಳ್ಳಲಿ ಎಂದು ಅವಳೂ ಬಿಟ್ಟಳು. ಆ ಹಾಸುಗಲ್ಲಿನ ಹತ್ತಿರ ಹೋದರೆ ಕಿವಿಯಲ್ಲಿ ಆ ಪ್ರಶ್ನೆ ಕೇಳುತ್ತದೆ, ಅದಕ್ಕೇ ಹೋಗುವುದಿಲ್ಲ ಎಂದು ಅವನಿಗೆ ಹೇಳುವುದಾದರೂ ಹೇಗೆ?

ಮಾಸ್ತಪ್ಪ ಬೇಸಿಗೆ ಬಂತೆಂದರೆ ದಿನಾ ಬೆಳಗ್ಗೆ ಹಾಸುಗಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂತಿರುವನು. ಊಟಕ್ಕೆ ಬಂದಾಗ "ಇವತ್ತೂ ಬರ್ಲಿಲ್ಲ" ಎನ್ನುವನು. "ಹೂಂ" ಎನ್ನುವಳು. ಗಂಡಹೆಂಡಿರ ನಡುವೆ ಆ ಎರಡು ವರ್ಷ ನಡೆದ ಮಾತುಕತೆಯನ್ನೆಲ್ಲ ಒಟ್ಟು ಹಾಕಿದರೂ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತಿಗೆ ಮುಗಿಯುತ್ತಿತ್ತು.

ಮೂರನೆಯ ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚಿನ ಎರಡು ಮಳೆ ಬಿದ್ದಾಗ, ಮೇಳಿಗೆಯ ಮಂಜಯ್ಯ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ರಜೆ ಬಂದರೆ ಬೇರೆ ಮೇಷ್ಟ್ರುಗಳು ಮಾವನ ಮನೆಗೆ ಹೋದರೆ ಇವರು ಸೊಳ್ಳೆಪರದೆ ಬಟ್ಟೆಯ ಬಲೆ ಹಿಡಿದು ಗುಡ್ಡ ಸೇರುತ್ತಿದ್ದರು. ಎತ್ತರದ ಹಳ್ಳಗಳಲ್ಲಿ ಮಾತ್ರ ಇರುವ ಸಣ್ಣ ಚಿಟ್ಟೆಯೊಂದನ್ನು ಹುಡುಕುತ್ತಿದ್ದೇನೆ, ನಿಮ್ಮ ಹಳ್ಳದಲ್ಲಿ ಇದೆಯಂತಲ್ಲ ಎಂದರು. ಅಂಗಳದಲ್ಲಿ ನಿಂತೇ ಕಡ್ಡಿಯಿಂದ ನೆಲದ ಮೇಲೆ ಅದರ ಚಿತ್ರ ಬರೆದರು. ಮಾಸ್ತಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಇತ್ತು. ಈಗ ಇಲ್ಲಿಲ್ಲ. ಮೇಲೆ ಅಬ್ಬಿ ಹತ್ರ ಇದ್ರೂ ಇರಬೌದು. ಅಲ್ಲಿಗೆ ದಾರಿ ಇವಳಿಗೆ ಚೆನ್ನಾಗಿ ಗೊತ್ತು, ಸೊಪ್ಪಿಗೆ ಹೋಗ್ತಿದ್ಲು."

ಮೂವರೂ ಹತ್ತಿದರು. ಔಷಧಿ ಸುರಿದ ಗುಂಡಿ ದಾಟುವಾಗ ಮಾಸ್ತಪ್ಪ ತಲೆ ತಗ್ಗಿಸಿದ. ಯಮುನಮ್ಮ ನೇರ ನೋಡಿಕೊಂಡೇ ಹೋದಳು. ನೀರು ಬಂಡೆಯ ಮೇಲಿಂದ ಧುಮುಕುವ ಅಬ್ಬಿಯ ಬುಡದಲ್ಲಿ, ನೆರಳಿನ ಒದ್ದೆ ಕಲ್ಲಿನ ಮೇಲೆ, ಸೂಜಿಚಿಟ್ಟೆ ಕೂತಿತ್ತು. ಮೇಷ್ಟ್ರು ಮಗುವಿನಂತೆ ಕುಣಿದುಬಿಟ್ಟರು. ಬಲೆ ಬೀಸಿ ಎರಡು ಹಿಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು, ಒಂದೊಂದೇ ಕಲ್ಲು ಮಗುಚತೊಡಗಿದರು.

"ಅಲ್ಲಿ ಎಂತ ಹುಡುಕ್ತೀರಿ? ಅದು ಮೇಲೆ ಹಾರ್ತಾ ಐತಲ್ಲ" ಎಂದ ಮಾಸ್ತಪ್ಪ.

"ಹಾರೋದು ಎಷ್ಟು ದಿನ ಮಾರಾಯ? ಬಾಳು ಇರೋದು ನೀರೊಳಗೆ." ಅವರು ಒಂದು ಕಲ್ಲೆತ್ತಿ ತಳ ತೋರಿಸಿದರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಕಂದು ಹುಳವೊಂದು ಆರು ಕಾಲಿನಿಂದ ಕಲ್ಲನ್ನು ಅವುಚಿಕೊಂಡಿತ್ತು. ಬಾಲದಲ್ಲಿ ಮೂರು ಸಣ್ಣ ಎಸಳು. "ಇದೇ ಅದರ ಮರಿ. ಒಂದು ವರ್ಷ, ಒಂದೊಂದ್ಸಲ ಅದಕ್ಕೂ ಹೆಚ್ಚು, ಹೀಗೇ ಕಲ್ಲಿನಡಿ ಇರ್ತದೆ. ಆಮೇಲೆ ಹೊರಗೆ ಬಂದು, ರೆಕ್ಕೆ ಮೂಡಿ, ಕೆಲವು ವಾರ ಹಾರಾಡಿ ಸಾಯ್ತದೆ."

"ನಮ್ಮ ಅವ್ವ ಹೇಳೋಳು, ಅದು ಕೂತಲ್ಲಿ ನೀರು ಒಳ್ಳೇದು ಅಂತ."

"ನಿಮ್ಮ ಅವ್ವ ಹೇಳಿದ್ದು ಮುಕ್ಕಾಲು ಸರಿ. ಹಾರೋ ಚಿಟ್ಟೆ ನೀರು ಬಿಟ್ಟು ಎಷ್ಟೋ ದಿನ ಆಗಿರ್ತದೆ. ಹೋದ ವಾರದ ನೀರು ಒಳ್ಳೇದಿತ್ತು ಅಂತ ಅದು ಹೇಳಬಹುದು. ಇವತ್ತು ನೀರಿಗೆ ಯಾರಾದ್ರೂ ವಿಷ ಹಾಕಿದ್ರೂ ಅದು ಕಲ್ಲಿನ ಮೇಲೆ ಆರಾಮಾಗಿ ಕೂತಿರ್ತದೆ. ಅದಕ್ಕೇನು ಗೊತ್ತು ಪಾಪ. ಇವತ್ತಿನ ನೀರಿನ ಮಾತು ಕೇಳಬೇಕಾದ್ರೆ ಅಡಿಯಲ್ಲಿರೋ ಮರೀನ ಕೇಳಬೇಕು."

ಮಾಸ್ತಪ್ಪ ಔಷಧಿ ಸುರಿದ ಕಥೆಯನ್ನು ಮೇಷ್ಟ್ರಿಗೆ ಹೇಳಿದ, ಊರಿಗೆ ಹೇಳಿದ ಹಾಗೆಯೇ, ಒಂದೂ ಬಿಡದೆ. ಮೇಷ್ಟ್ರ ಮುಖ ಸಣ್ಣದಾಯಿತು. ವಿಷದ ಮಾತು ಯಾಕಾದರೂ ಆಡಿದೆನೋ ಎಂದು ಕೈಯ ಕಲ್ಲನ್ನು ಮೆಲ್ಲಗೆ ನೀರಿಗಿಟ್ಟರು.

"ಅವತ್ತು ನಿಮ್ಮ ಅವ್ವ ಚಿಟ್ಟೆ ನೋಡೇ ಕುಡಿದ್ರಾ?"

"ಅವಳಿಗೆ ಕಣ್ಣು ಕಾಣ್ತಿರ್ಲಿಲ್ಲ" ಎಂದ ಮಾಸ್ತಪ್ಪ. ಅಷ್ಟಕ್ಕೇ ನಿಲ್ಲಿಸಿದ.

ಯಮುನಮ್ಮ ಪಕ್ಕದಲ್ಲೇ ನಿಂತಿದ್ದಳು. ಹೇಳುವುದಾದರೆ ಇದಕ್ಕಿಂತ ಸಲೀಸು ಹೊತ್ತು ಇನ್ನು ಸಿಗಲಾರದು ಎಂದು ಅವಳಿಗೆ ಗೊತ್ತಿತ್ತು. ಚಿಟ್ಟೆಯೇ ಮೋಸ ಹೋಗಿತ್ತು, ಕಟ್ಟಳೆಯೇ ಕಾಲು ಭಾಗ ತಪ್ಪಾಗಿತ್ತು, ಓದಿದ ಮೇಷ್ಟ್ರೇ ಸಾಕ್ಷಿ ಇದ್ದರು. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. "ಹೊತ್ತಾಯ್ತು, ಇಳಿಯೋಣ" ಎಂದಳು.

ಮೇಷ್ಟ್ರು ಹೋದ ಮರುದಿನದಿಂದ ಮಾಸ್ತಪ್ಪನ ಕೆಲಸ ಬದಲಾಯಿತು. ಹಾಸುಗಲ್ಲಿನ ಎದುರು ಸುಮ್ಮನೆ ಕೂರುವುದು ಬಿಟ್ಟು, ಹಳ್ಳಕ್ಕಿಳಿದು ಕಲ್ಲು ಮಗುಚಿ ಮಗುಚಿ ನೋಡುವನು. ನೋಡಿದ ಕಲ್ಲನ್ನು ಇದ್ದ ಜಾಗಕ್ಕೇ ಇಡುವನು. ಏನೋ ಕಳೆದುಕೊಂಡವರ ಹಾಗೆ ಹುಡುಕ್ತಾನೆ ಎಂದು ಕೆರಿಯಪ್ಪ ನಕ್ಕ. ಅವನು ಹೇಳಿದ್ದೇನೋ ನಿಜವೇ.

ಎಂಟನೆಯ ದಿನ ಬೆಳಗ್ಗೆ ಯಮುನಮ್ಮ ಕೊಡ ಎತ್ತಿಕೊಳ್ಳುತ್ತಿದ್ದಾಗ ಮಾಸ್ತಪ್ಪ ಮೊಣಕಾಲವರೆಗೆ ಒದ್ದೆಯಾಗಿ ಬಂದ.

"ಇವತ್ತು ಗುಡ್ಡ ಹತ್ತಬೇಡ. ಹಳ್ಳಕ್ಕೆ ಬಾ."

ಒಲ್ಲೆ ಎನ್ನಲೂ ಸ್ವಲ್ಪ ಜೀವ ಬೇಕು. ಅವಳು ಕೊಡದ ಸಮೇತ ಅವನ ಹಿಂದೆ ಇಳಿದಳು. ಎರಡು ವರ್ಷದಲ್ಲಿ ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಮಾಸ್ತಪ್ಪ ನೀರಿಗಿಳಿದು, ಅಂಗೈಯಗಲದ ಕಲ್ಲೊಂದನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿ ತಿರುವಿದ. ಮೂರು ಎಸಳಿನ ಬಾಲದ ಮರಿ ಇತ್ತು. ಪಕ್ಕದಲ್ಲಿ ಇನ್ನೊಂದು.

"ಜೀವ ಐತೆ" ಎಂದ. ಕಲ್ಲನ್ನು ಇದ್ದಲ್ಲೇ ಇಟ್ಟು ನೆಟ್ಟಗೆ ನಿಂತ. ಹಾಸುಗಲ್ಲಿಗೆ ಬೆನ್ನು ಹಾಕಿ, ಹೆಂಡತಿಯ ಮುಖವನ್ನೇ ನೋಡುತ್ತಾ ಕೇಳಿದ: "ಮೇಲೂ ನೋಡಿ ನೀನೇ ಹೇಳು. ಕೂತೈತನೇ?"

ಯಮುನಮ್ಮ ನೋಡಿದಳು. ಕಲ್ಲಿನ ಅಂಚಿನಲ್ಲಿ, ಅದೇ ಜಾಗದಲ್ಲಿ, ರೆಕ್ಕೆ ಮಡಚಿಕೊಂಡು ಕೂತಿತ್ತು. ಬಾಲದ ತುದಿಯಲ್ಲಿ ನೀಲಿ.

"ಅವತ್ತೂ ಕೂತಿತ್ತು" ಎಂದಳು.

ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಶುರುವಾದ ಮೇಲೆ ನಿಲ್ಲಿಸಲೂ ಆಗಲಿಲ್ಲ.

"ಅತ್ತೆ ಕೇಳಿದ್ರು. ಜೋಡಿ ಕೂತಾವೆ ಕುಡೀರಿ ಅಂತ ನಾನೇ ಹೇಳ್ದೆ. ಕಹಿ ಅಂದ್ರು, ಬಾಯಿ ಕೆಟ್ಟೈತೆ ಅಂದೆ. ಎರಡು ವರ್ಷ ಎಲ್ಲಾ ನಿಮ್ಮ ತಲೆ ಮೇಲೆ ಹಾಕಿ ಸುಮ್ನಿದ್ದೆ."

ಮಾಸ್ತಪ್ಪ ಬೆಚ್ಚಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಂಗೆ ಗೊತ್ತಿರ್ಲಿಲ್ವಾ ಮಾರಾಯ್ತಿ? ಅವ್ವಂಗೆ ಕಣ್ಣು ಕಾಣ್ತಿರ್ಲಿಲ್ಲ. ನಿನ್ನ ಕೇಳ್ದೆ ಒಂದು ಹನಿ ಬಾಯಿಗೆ ಹಾಕಿದೋಳಾ ಅವಳು?"

ಹೌದಲ್ಲ. ಇಷ್ಟು ಸರಳವಾದದ್ದು ಅವಳಿಗೆ ಹೊಳೆದೇ ಇರಲಿಲ್ಲ. ಎರಡು ವರ್ಷ ಅವಳು ಬಚ್ಚಿಟ್ಟಿದ್ದು ಮೊದಲ ದಿನದಿಂದಲೂ ಅವನ ಕಣ್ಣೆದುರಿಗೇ ಇತ್ತು.

"ಮತ್ತೆ ಯಾಕೆ ಕೇಳ್ಲಿಲ್ಲ ನೀವು?"

"ಕೇಳಿದ್ರೆ ನೀನು ಹೂಂ ಅಂತಿದ್ದೆ. ಆಮೇಲೆ ನೀನೂ ಹೊರಬೇಕಾಗ್ತಿತ್ತು. ಹಾಕ್ದೋನು ನಾನು, ಕೂಗ್ದೆ ಇದ್ದೋನು ನಾನು. ಹೊರೋಕೆ ಒಬ್ಬ ಸಾಕು ಅಂತ ಮಾಡ್ದೆ."

ಅವನು ಬಗ್ಗಿ ಒಂದು ಬೊಗಸೆ ನೀರೆತ್ತಿ ಕುಡಿದ. ಇನ್ನೊಂದು ಕುಡಿದ. ಮೂರನೆಯದನ್ನು ಕುಡಿದು, ಮೀಸೆ ಒರೆಸಿಕೊಂಡು, "ಕಹಿ ಇಲ್ಲ" ಎಂದ.

ಯಮುನಮ್ಮ ಹಾಸುಗಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ತಣ್ಣಗಿತ್ತು, ಅದು ಅಂಗಾಲಿಗೆ ತಿಳಿಯಿತು. ಹೆಬ್ಬೆರಳಿನ ಸಂದಿಯಲ್ಲಿ ಏನೋ ತುರಿಸಿತು, ಆಮೇಲೆ ಚುರುಚುರು ಉರಿಯಿತು. ಬಗ್ಗಿ ನೋಡಿದರೆ ಉಂಬಳ, ರಕ್ತ ಹೀರಿ ಉಬ್ಬಿತ್ತು.

"ಇವ್ರೇ, ಉಂಬಳ" ಎಂದಳು, ಸಣ್ಣ ಹುಡುಗಿಯ ದನಿಯಲ್ಲಿ.

ಮಾಸ್ತಪ್ಪ ಅವಳ ಕಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿನ ತುದಿಯಲ್ಲಿ ಸುಣ್ಣ ಮುಟ್ಟಿಸಿ ಅದನ್ನು ಬಿಡಿಸಿದ. ರಕ್ತ ಸುರಿಯಿತು. ಯಮುನಮ್ಮನಿಗೆ ಅಳು ಬಂತು. ಚಟ್ಟ ಕಟ್ಟುವಾಗ ಬಾರದ್ದು, ಅಣ್ಣ ಲಾರಿ ಹತ್ತಿದಾಗ ಬಾರದ್ದು, ಈಗ ಬಿಕ್ಕಿ ಬಿಕ್ಕಿ ಬಂತು.

"ಉಂಬಳ ಕಚ್ಚಿದ್ದಕ್ಕೆ ಇಷ್ಟು ಅಳ್ತಾರನೇ?" ಎಂದ ಮಾಸ್ತಪ್ಪ. ಅವನ ಕಣ್ಣೂ ನೆಟ್ಟಗಿರಲಿಲ್ಲ.

ಅವಳು ಅಳುತ್ತಲೇ ಕೊಡವನ್ನು ಹಳ್ಳದಲ್ಲಿ ಅದ್ದಿದಳು.